ಬಾಡಿಗೆ ಮನೆಗೊಬ್ಬ ಮೆಹತಾ

ಪ್ರತಿ ತಿಂಗಳ ಐದನೇ ತಾರೀಖು ಬೆಳಗ್ಗೆ ಎಂಟರ ಹೊತ್ತಿಗೆ ಮಾಟುಂಗದ ಆ ಮೂರು ಮಹಡಿಯ ಕಟ್ಟಡದ ಮರದ ಮೆಟ್ಟಿಲು ಕಿರುಗುಟ್ಟಿತೆಂದರೆ ಮೆಹತಾಜಿ ಬಂದರು ಅಂತಲೇ ಲೆಕ್ಕ. ಕರೀ ಟೋಪಿ, ಧೋತರ, ಕಂಕುಳಲ್ಲಿ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಪುಸ್ತಕ. 1991ರಲ್ಲಿ ಧಾರವಾಡದಲ್ಲಿ ಬಿ.ಕಾಂ. ಮುಗಿಸಿ, ಬ್ಯಾಂಕ್ ನೌಕರಿ ಹಿಡಿದು ಮುಂಬೈಗೆ ಬಂದಾಗ ನಾನು ಆ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಕಡೆಯವರದೇ ಒಂದು ಮನೆಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದೆ. ಅವರು ಮನೆ ಮಾಲೀಕನಿಗೆ ಕೊಡುತ್ತಿದ್ದ ಬಾಡಿಗೆ ತಿಂಗಳಿಗೆ 42 ರೂಪಾಯಿ. ನಾನು ಅವರಿಗೆ ಕೊಡುತ್ತಿದ್ದದ್ದು 600. ಒಳಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧವಾದ್ದರಿಂದ ಮೆಹತಾಜಿ ಬಂದಾಗ ನಾನು ಮನೆಯೊಡತಿಯ 'ಊರಿಂದ ಬಂದ ತಮ್ಮ' ಆಗಬೇಕಿತ್ತು. ಎರಡು ವರ್ಷ ಆದ ಮೇಲೆ ಒಂದು ದಿನ ಅವರು ಪುಸ್ತಕದಿಂದ ತಲೆ ಎತ್ತದೆಯೇ ಕೇಳಿದರು, "ತಮ್ಮ ಇನ್ನೂ ಊರಿಗೆ ಹೋಗಲಿಲ್ಲವೇ?" ಅಕ್ಕ ಒಳಗೆ ಹೋಗಿ ಒಂದು ಲೋಟ ಕಾಫಿ ಮತ್ತು ಒಂದು ಲಕೋಟೆ ತಂದರು. ಲಕೋಟೆಯಲ್ಲಿ ಏನಿತ್ತು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. 42 ರೂಪಾಯಿಯ ರಸೀದಿ ಮಾತ್ರ ಎಂದಿನಂತೆ ಬಂತು.

ಮೂವತ್ತು ವರ್ಷಗಳ ನಂತರ ಮೆಹತಾಜಿ ನೆನಪಾಗಲು ಕಾರಣ ಬೆಂಗಳೂರಿನ ನನ್ನ ಫ್ಲ್ಯಾಟು. ನಿವೃತ್ತಿಯ ನಂತರ ಅಲ್ಲಿಗೆ ಹೋಗಬೇಕೆಂದು 2011ರಲ್ಲಿ ಸಾಲ ಮಾಡಿ ಕನಕಪುರ ರಸ್ತೆಯಲ್ಲಿ ಕೊಂಡದ್ದು. (ಹೋಗುತ್ತೇವೋ ಇಲ್ಲವೋ ಆ ಮಾತು ಬೇರೆ. ಡೊಂಬಿವಲಿಯ ಲೋಕಲ್ ಟ್ರೇನಿಗೆ ಬೈಯುತ್ತಲೇ ಬದುಕಿದವರಿಗೆ ಅದನ್ನು ಬಿಟ್ಟು ಬದುಕಲೂ ಬರುವುದಿಲ್ಲ.) ಬ್ಯಾಂಕಿನಿಂದ ಮನೆಸಾಲ, ಸಾಲದ ಕಂತಿಗೆ ಮನೆಬಾಡಿಗೆ, ನಡುವೆ ನಾನು. ಕಾಗದದ ಮೇಲೆ ಇದು ಬಹಳ ಚೆಂದದ ಲೆಕ್ಕ. ಸಾವಿರ ಕಿಲೋಮೀಟರು ದೂರದ ಮನೆಯ ನಲ್ಲಿ ಸೋರಿದರೆ ಯಾರು ಹೋಗಬೇಕು ಅನ್ನುವ ಪ್ರಶ್ನೆಯೊಂದು ಆ ಲೆಕ್ಕದಲ್ಲಿ ಇರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಎರಡು ಸಲ ಎಡವಿ ಮೂರನೇ ಸಲ ಮ್ಯಾನೇಜರನನ್ನು ಹುಡುಕುವಾಗ, ನಮ್ಮ ಮುಂಬೈಯಲ್ಲಿ ಈ ಕೆಲಸವನ್ನು ಯಾರು ಯಾರು, ಹೇಗೆ ಹೇಗೆ ಮಾಡಿಕೊಂಡು ಬಂದರು ಅಂತ ಓದಿ ನೋಡುವ ಮನಸ್ಸಾಯಿತು. ಸಾಲ ಕೊಡುವ ಮೊದಲು ಹಿಂದಿನ ಖಾತೆ ನೋಡುವುದು ನಮ್ಮ ವೃತ್ತಿಯ ಚಟ.

ಖಾತೆ ಶುರುವಾಗುವುದು ಹತ್ತೊಂಬತ್ತನೇ ಶತಮಾನದ ಕೊನೆಗೆ, ಗಿರಣಿಗಳು ಎದ್ದು ಕೊಂಕಣ ಮತ್ತು ಘಟ್ಟದ ಮೇಲಿನ ಜನ ಮುಂಬೈಗೆ ಹರಿದು ಬಂದ ಕಾಲದಲ್ಲಿ. ಅವರಿಗಾಗಿ ಸೇಠರು, ವ್ಯಾಪಾರಿಗಳು ಚಾಳಗಳನ್ನು ಕಟ್ಟಿದರು. ಉದ್ದಕ್ಕೂ ಒಂದು ಪಡಸಾಲೆ, ಸಾಲಾಗಿ ಒಂದೊಂದು ಕೋಣೆ, ಕೊನೆಗೆ ಎಲ್ಲರಿಗೂ ಸೇರಿ ನಲ್ಲಿ ಮತ್ತು ಪಾಯಖಾನೆ. 1896ರಲ್ಲಿ ಮಾಂಡ್ವಿಯಲ್ಲಿ ಪ್ಲೇಗು ಕಾಣಿಸಿಕೊಂಡು ಊರೆಲ್ಲ ಹಬ್ಬಿದಾಗ ಸರಕಾರದ ಕಣ್ಣು ಈ ಕತ್ತಲೆ ಕೋಣೆಗಳ ಮೇಲೆ ಬಿತ್ತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ನಾವು ದಕ್ಷಿಣದವರು ತುಂಬಿಕೊಂಡ ಮಾಟುಂಗ, ದಾದರ್ ಬಡಾವಣೆಗಳ ನಕ್ಷೆ ಅದೇ ಟ್ರಸ್ಟಿನದು.

ಈ ಚಾಳಗಳ ಮಾಲೀಕ ಚಾಳಿಗೆ ಬರುತ್ತಿರಲಿಲ್ಲ. ನೂರು ಕೋಣೆ, ನೂರು ಕೂಲಿಯವರು, ಅರ್ಧ ಜನ ಮಳೆಗಾಲಕ್ಕೆ ಊರಿಗೆ ಹೋಗಿ ಬಿತ್ತನೆ ಮುಗಿಸಿ ಬರುವವರು. ಇವರ ಹತ್ತಿರ ತಿಂಗಳು ತಿಂಗಳು ವಸೂಲಿ ಮಾಡುವ ಉಸಾಬರಿ ಯಾರಿಗೆ ಬೇಕು? ಆದ್ದರಿಂದ ಎಷ್ಟೋ ಮಾಲೀಕರು ಇಡೀ ಚಾಳನ್ನೇ ಒಬ್ಬ ಮಧ್ಯಸ್ಥನಿಗೆ ಇಂತಿಷ್ಟು ಅಂತ ಗುತ್ತಿಗೆಗೆ ಕೊಟ್ಟುಬಿಡುತ್ತಿದ್ದರು. ಆತ ಮಾಲೀಕನಿಗೆ ಗೊತ್ತಾದ ಮೊತ್ತ ಕಟ್ಟಬೇಕು. ಬಾಡಿಗೆದಾರರಿಂದ ಎಷ್ಟು ಎತ್ತುತ್ತಾನೆ ಎಂಬುದು ಅವನಿಗೆ ಬಿಟ್ಟದ್ದು. ಕೆಲವು ಕಡೆ ಈ ಮಧ್ಯಸ್ಥ ಚಾಳಿನ ಕೆಳಗಿನ ಕಿರಾಣಿ ಅಂಗಡಿಯವನೇ. ಬಾಡಿಗೆ, ಅಕ್ಕಿಯ ಉದ್ರಿ, ಬಡ್ಡಿಸಾಲ ಎಲ್ಲ ಒಂದೇ ವಹಿಯಲ್ಲಿ. ಗಿರಣಿಯ ಮುಕಾದಮನಿಗೂ ಇದರಲ್ಲಿ ಕೈ ಇರುತ್ತಿತ್ತು. ಕೆಲಸ ಕೊಡಿಸುವವನೂ ಅವನೇ, ಕೋಣೆ ಕೊಡಿಸುವವನೂ ಅವನೇ. ಮುನಿದರೆ ಎರಡೂ ಹೋಗುತ್ತವೆ.

ನಮ್ಮ ಉತ್ತರ ಕರ್ನಾಟಕದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಲವನ್ನು ಪಾಲಿಗೆ ಹಾಕುವುದು ಬೇರೆ, ಲಾವಣಿಗೆ ಕೊಡುವುದು ಬೇರೆ. ಪಾಲಿಗೆ ಹಾಕಿದರೆ ಬೆಳೆ ಹೋದ ವರ್ಷ ನಿನಗೂ ಇಲ್ಲ, ಅವನಿಗೂ ಇಲ್ಲ. ಲಾವಣಿಗೆ ಕೊಟ್ಟರೆ ನಿನ್ನ ದುಡ್ಡು ನಿನಗೆ ಬಂತು, ಆದರೆ ಮೂರು ವರ್ಷದಲ್ಲಿ ಹೊಲದ ಕಸುವು ಹೋಯಿತು. ಅವನೇಕೆ ಗೊಬ್ಬರ ಹಾಕಿಯಾನು? ಮುಂಬೈಯ ಚಾಳಗಳಲ್ಲಿ ಆದದ್ದೂ ಇದೇ. ಗುತ್ತಿಗೆಯವನ ಲಾಭ ಇದ್ದದ್ದು ಒಂದೊಂದು ಕೋಣೆಗೆ ಇನ್ನಷ್ಟು ಜನರನ್ನು ತುರುಕುವುದರಲ್ಲಿ. ಸುಣ್ಣ, ನಲ್ಲಿ, ಮೆಟ್ಟಿಲು, ಪಾಯಖಾನೆ ಇವೆಲ್ಲ ಅವನ ಪಾಲಿಗೆ ಬರೀ ಖರ್ಚು. ಮಾಲೀಕನಿಗೆ ಹಣ ಹೊತ್ತಿಗೆ ಸರಿಯಾಗಿ ಬರುತ್ತಿದ್ದುದರಿಂದ ಅವನಿಗೆ ಕಟ್ಟಡದ ಸ್ಥಿತಿ ತಿಳಿಯುತ್ತಿದ್ದದ್ದು ಮುನಿಸಿಪಾಲಿಟಿಯ ನೋಟೀಸು ಬಂದಾಗ.

ಸರಕಾರವೇ ಮಾಲೀಕನಾದರೆ ಹೇಗಿರುತ್ತದೆ ಅಂತಲೂ ಒಮ್ಮೆ ನೋಡಿಯಾಯಿತು. 1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಬಾಂಬೆ ಡೆವಲಪ್‌ಮೆಂಟ್ ಡೈರೆಕ್ಟೊರೇಟ್ ಸ್ಥಾಪಿಸಿ, ಹತ್ತಿಯ ಪ್ರತಿ ಬೇಲಿನ ಮೇಲೆ ಒಂದು ರೂಪಾಯಿ ಸುಂಕ ಹಾಕಿ, ವರಳಿ, ನಾಯಗಾಂವ್, ಡಿಲೈಲ್ ರೋಡ್ ಮತ್ತು ಶಿವಡಿಯಲ್ಲಿ ಒಟ್ಟು 207 ಚಾಳ ಕಟ್ಟಿದರು. ಬಿಡಿಡಿ ಚಾಳಗಳೆಂದರೆ ಇವೇ. ಒಂದೊಂದು ಕೋಣೆ ಸುಮಾರು 160 ಚದರಡಿ. ಆದರೆ ಗಿರಣಿಯಿಂದ ದೂರ, ಬಾಡಿಗೆ ಜಾಸ್ತಿ, ಉದ್ರಿ ಕೊಡುವ ಅಂಗಡಿಯವನೂ ಇಲ್ಲ. 1920ರ ದಶಕದ ಕೊನೆಯವರೆಗೂ ಸಾವಿರಾರು ಕೋಣೆ ಖಾಲಿ ಬಿದ್ದಿದ್ದವು. 1930ರ ಸತ್ಯಾಗ್ರಹದ ಹೊತ್ತಿಗೆ ವರಳಿಯ ಕೆಲವು ಚಾಳಗಳು ತಾತ್ಕಾಲಿಕ ಜೈಲಾದವು. ಬಾಡಿಗೆದಾರರು ಸಿಗದೆ ಕೈದಿಗಳನ್ನು ತುಂಬಿಸಿದ ಮಾಲೀಕ ಬೇರೆಲ್ಲೂ ಇರಲಿಕ್ಕಿಲ್ಲ!

ಇನ್ನು ನಮ್ಮ ಮೆಹತಾಜಿಯ ವಿಷಯಕ್ಕೆ ಬರೋಣ. ಅವರನ್ನು ಹಾಗೆ ರೂಪಿಸಿದ್ದು ಕಾನೂನು. ಮೊದಲ ಮಹಾಯುದ್ಧದ ಕಾಲದಲ್ಲಿ ಬಾಡಿಗೆ ಏರಿದಾಗ 1918ರಲ್ಲಿ ಮುಂಬೈಗೆ ಮೊದಲ ಬಾಡಿಗೆ ನಿಯಂತ್ರಣ ಬಂತು. ಕೆಲವು ವರ್ಷದಲ್ಲಿ ಅದು ಹೋಯಿತು. ಎರಡನೇ ಯುದ್ಧದಲ್ಲಿ ಮತ್ತೆ ಬಂತು. ಕೊನೆಗೆ ಬಂದದ್ದು 1947ರ ಬಾಂಬೆ ಬಾಡಿಗೆ ಕಾಯ್ದೆ. 1940ರ ಸೆಪ್ಟೆಂಬರ್ 1ರಂದು ಒಂದು ಕೋಣೆಗೆ ಎಷ್ಟು ಬಾಡಿಗೆ ಇತ್ತೋ ಅದೇ 'ಸ್ಟ್ಯಾಂಡರ್ಡ್ ರೆಂಟ್'. ಬಾಡಿಗೆದಾರನನ್ನು ಸುಮ್ಮನೆ ಬಿಡಿಸುವಂತಿಲ್ಲ. ಅವನು ಸತ್ತರೆ ಜೊತೆಗಿದ್ದ ಮನೆಯವರಿಗೆ ಹಕ್ಕು. ಯುದ್ಧ ಮುಗಿದು ದೇಶ ಇಬ್ಭಾಗವಾಗಿ ನಿರಾಶ್ರಿತರು ಬಂದಿಳಿಯುತ್ತಿದ್ದ ಹೊತ್ತಿನಲ್ಲಿ ಅದು ಬೇಕಾದ ಕಾನೂನೇ. ಆದರೆ ಕೆಲವೇ ವರ್ಷಕ್ಕೆಂದು ಮಾಡಿದ್ದನ್ನು ಮತ್ತೆ ಮತ್ತೆ ಮುಂದುವರಿಸುತ್ತ ಐವತ್ತು ವರ್ಷ ಎಳೆದರು. ನಮ್ಮ ಅಕ್ಕನ 42 ರೂಪಾಯಿಯ ಹಿಂದೆ ಇದ್ದದ್ದು ಇಷ್ಟೇ.

ಈಗ ಮಾಲೀಕನ ಜಾಗದಲ್ಲಿ ನಿಂತು ನೋಡಿ. ಬಾಡಿಗೆ ಏರುವುದಿಲ್ಲ, ಬಾಡಿಗೆದಾರ ಏಳುವುದಿಲ್ಲ. ಹಣ ಕಾಣುವುದು ಒಂದೇ ಹೊತ್ತಿನಲ್ಲಿ, ಅಂದರೆ ಕೋಣೆ ಕೈ ಬದಲಾದಾಗ. ಹೊಸಬ ಹಳಬನಿಗೆ ಪಗಡಿ ಕೊಡುತ್ತಾನೆ, ಅದರಲ್ಲಿ ಮೂರನೇ ಒಂದು ಭಾಗವೋ ಅರ್ಧವೋ ಮಾಲೀಕನಿಗೆ, ರಸೀದಿ ಹೊಸ ಹೆಸರಿಗೆ. 1947ರ ಕಾಯ್ದೆಯಲ್ಲಿ ಪಗಡಿ ಅಪರಾಧ. ಮುಂಬೈಯಲ್ಲಿ ಅದು ಸಂಜೆಯ ಚಹಾದಷ್ಟು ಮಾಮೂಲು. ಇಂಥ ವ್ಯವಹಾರಕ್ಕೆ ಕಾಗದ ಇರುವುದಿಲ್ಲ, ನಂಬಿಕೆಯ ಒಬ್ಬ ಮನುಷ್ಯ ಬೇಕು. ಅವನೇ ಮೆಹತಾ. ಯಾರ ಮನೆಯಲ್ಲಿ ಮುದುಕ ಒಬ್ಬನೇ ಇದ್ದಾನೆ, ಯಾರು ಬೋರಿವಲಿಯಲ್ಲಿ ಫ್ಲ್ಯಾಟು ನೋಡುತ್ತಿದ್ದಾರೆ, ಯಾರ 'ತಮ್ಮ' ಎರಡು ವರ್ಷದಿಂದ ಊರಿಗೆ ಹೋಗಿಲ್ಲ, ಇವೆಲ್ಲ ಅವನ ತಲೆಯಲ್ಲಿರಬೇಕು. ಸಂಬಳ ಮಾಲೀಕ ಕೊಡುತ್ತಿದ್ದ, ಅದು ಅತ್ಯಲ್ಪ. ನಿಜವಾದ ಗಳಿಕೆ ಲಕೋಟೆಗಳಲ್ಲಿ, ಎರಡೂ ಕಡೆಯಿಂದ. ಆ ಕೆಂಪು ಪುಸ್ತಕ ಬಾಡಿಗೆಯ ಲೆಕ್ಕಕ್ಕಿಂತ ಹೆಚ್ಚಾಗಿ ಹೆಸರುಗಳ ಪಹಣಿಯಾಗಿತ್ತು. ಮಾಲೀಕನಿಗೆ ಬಾಡಿಗೆದಾರನ ಮೇಲೆ ಸಿಟ್ಟು ಬಂದರೆ ಮೆಹತಾಜಿ ರಸೀದಿ ಹರಿಯುವುದನ್ನೇ ನಿಲ್ಲಿಸುತ್ತಿದ್ದರು. ಆಗ ಬಾಡಿಗೆದಾರ ತಿಂಗಳು ತಿಂಗಳು 42 ರೂಪಾಯಿ ಮನಿ ಆರ್ಡರ್ ಮಾಡಬೇಕು. ಮಾಲೀಕ ಅದನ್ನು ವಾಪಸ್ ಕಳಿಸಬೇಕು. ಆ ಮನಿ ಆರ್ಡರ್ ಚೀಟಿಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡು ಕೋರ್ಟಿನಲ್ಲಿ ತೋರಿಸಬೇಕು. ನಮ್ಮ ಪಕ್ಕದ ಮನೆಯ ಅಜ್ಜಿಯ ಹತ್ತಿರ ಅಂಥ ಚೀಟಿಗಳ ಒಂದು ಹಾರ್ಲಿಕ್ಸ್ ಡಬ್ಬಿಯೇ ಇತ್ತು.

ದುರಸ್ತಿ? ಅದರ ಮಾತೇ ಇಲ್ಲ. 42 ರೂಪಾಯಿಯಲ್ಲಿ ಯಾವ ಮಾಲೀಕ ಹೆಂಚು ಹೊದಿಸಿಯಾನು? ಹಳೆಯ ಕಟ್ಟಡಗಳು ಮಳೆಗಾಲದಲ್ಲಿ ಕುಸಿಯತೊಡಗಿದಾಗ 1969ರಲ್ಲಿ ಸರಕಾರ ಒಂದು ದುರಸ್ತಿ ಮಂಡಳಿ ಮಾಡಿ, ದ್ವೀಪನಗರದ ಸುಮಾರು 19,600 ಕಟ್ಟಡಗಳ ಮೇಲೆ ಸೆಸ್ ಹಾಕಿತು. 'ಸೆಸ್ ಬಿಲ್ಡಿಂಗ್' ಎಂಬ ಮಾತು ಹುಟ್ಟಿದ್ದು ಹೀಗೆ. ವಾರಸುದಾರರು ಜಗಳ ಮಾಡಿಕೊಂಡ ಕಟ್ಟಡಗಳದ್ದು ಇನ್ನೊಂದು ಕಥೆ. ಅಲ್ಲಿ ಮ್ಯಾನೇಜರ್ ಆಗಿ ಬರುವವನು ಹೈಕೋರ್ಟಿನ ಕೋರ್ಟ್ ರಿಸೀವರ್. ಮಾಲೀಕರು ಪರಸ್ಪರ ನಂಬದಿದ್ದಾಗ ನ್ಯಾಯಾಲಯ ಆರಿಸಿ ಕೊಡುವ ಮೆಹತಾ ಅನ್ನಿ. ಲೆಕ್ಕ ಮಾತ್ರ ಚಾಚೂ ತಪ್ಪದು, ಆದರೆ ಒಂದು ಪೈಪು ಬದಲಿಸಬೇಕಾದರೂ ಅರ್ಜಿ ಹಾಕಬೇಕು.

ಅಂದ ಹಾಗೆ, ಬಾಡಿಗೆ ಕಾಯ್ದೆಯ ಸಂದುಗೊಂದು ತಿಳಿದವರಲ್ಲಿ ನಮ್ಮ ಉಡುಪಿ ಹೋಟೆಲಿನವರನ್ನು ಮೀರಿಸಿದವರಿಲ್ಲ. ಜಾಗವನ್ನು ಒಳಬಾಡಿಗೆಗೆ ಕೊಡುವಂತಿಲ್ಲ, ಸರಿ. ಆದರೆ ಹೋಟೆಲು ನಡೆಸುವ ವ್ಯಾಪಾರವನ್ನು ಇನ್ನೊಬ್ಬರಿಗೆ 'ಕಂಡಕ್ಟಿಂಗ್' ಕರಾರಿನಲ್ಲಿ ಕೊಡಬಹುದಲ್ಲ? ಲೈಸೆನ್ಸು, ಬೋರ್ಡು, ಕಾವಲಿ ಎಲ್ಲ ಮೊದಲಿನವರದೇ. ನಡೆಸುವವರು ತಿಂಗಳಿಗೆ ಇಷ್ಟು ಅಂತ ಕೊಡುತ್ತಾರೆ. ನನ್ನ ಶಾಖೆಗೆ ಸಾಲ ಕೇಳಿಕೊಂಡು ಬಂದ ಎಷ್ಟೋ ಹೋಟೆಲಿನವರ ಫೈಲಿನಲ್ಲಿ ಈ ಕರಾರು ಪತ್ರ ನೋಡಿದ್ದೇನೆ. ಜಾಗ ಯಾರದು ಅಂತ ಕೇಳಿದರೆ ನಗುತ್ತಿದ್ದರು.

ಈ ಇತಿಹಾಸದಲ್ಲಿ ಮಾಲೀಕರ ನಿದ್ದೆ ಕೆಡಿಸಿದ ದಿನವೆಂದರೆ 1973ರ ಫೆಬ್ರುವರಿ 1. ಅಲ್ಲಿಯವರೆಗೆ ಬಾಡಿಗೆ ಕಾಯ್ದೆಯಿಂದ ತಪ್ಪಿಸಿಕೊಳ್ಳಲು ಜನ 'ಲೀವ್ ಅಂಡ್ ಲೈಸೆನ್ಸ್' ಅಂತ ಬರೆಸಿಕೊಳ್ಳುತ್ತಿದ್ದರು. ಇವನು ಬಾಡಿಗೆದಾರನಲ್ಲ, ನನ್ನ ಪರವಾನಗಿಯ ಮೇಲೆ ಇರುವವನು ಅಂತ ಅರ್ಥ. ಆ ವರ್ಷದ ತಿದ್ದುಪಡಿಯಲ್ಲಿ, ಆ ತಾರೀಖಿನಂದು ಚಾಲ್ತಿ ಕರಾರಿನ ಮೇಲೆ ಮನೆಯಲ್ಲಿದ್ದವರೆಲ್ಲ ಕಾಯ್ದೆಯ ರಕ್ಷಣೆ ಇರುವ ಬಾಡಿಗೆದಾರರಾಗಿಬಿಟ್ಟರು. ಬಾಡಿಗೆದಾರರ ಕಡೆಯಿಂದ ನೋಡಿದರೆ ಅದೂ ನ್ಯಾಯವೇ, ಹೆಸರಿಗೆ ಮಾತ್ರ ಲೈಸೆನ್ಸ್ ಆಗಿದ್ದ ಕರಾರುಗಳು ಬಹಳ ಇದ್ದವು. ಆದರೆ ಮನೆ ಇದ್ದವರು ಕಲಿತದ್ದು ಬೇರೆ ಪಾಠ. ಕೊಡಲೇಬೇಡ, ಬೀಗ ಹಾಕು. ಆ ಭಯ ಇನ್ನೂ ಪೂರ್ತಿ ಹೋಗಿಲ್ಲ. 2011ರ ಜನಗಣತಿಯಲ್ಲಿ ಮುಂಬೈಯಲ್ಲಿ ಖಾಲಿ ಇದ್ದ ಮನೆಗಳು ಸುಮಾರು 4.8 ಲಕ್ಷ ಅಂತ ಕೇಂದ್ರದ 2017-18ರ ಆರ್ಥಿಕ ಸಮೀಕ್ಷೆ ಬರೆದಿತ್ತು. ಮನೆಯಿಲ್ಲದವರ ಊರಿನಲ್ಲಿ ಜನರಿಲ್ಲದ ಮನೆಗಳು.

ಗಂಟು ಸಡಿಲಿಸಿದ ಮೊಕದ್ದಮೆಯ ಹೆಸರು ಕೇಳಿದರೆ ನಮ್ಮವರಿಗೆ ಖುಷಿಯಾದೀತು. ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರಕಾರ. ಮುಂಬೈಯ ಬಾಡಿಗೆ ಇತಿಹಾಸದ ದೊಡ್ಡ ತೀರ್ಪಿನ ನೆತ್ತಿಯ ಮೇಲೆ ನಮ್ಮ ಕರಾವಳಿಯ ಊರಿನ ಹೆಸರು! 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, 1940ರ ಬಾಡಿಗೆಯನ್ನು ಹಾಗೇ ಹೆಪ್ಪುಗಟ್ಟಿಸಿ ಇಟ್ಟದ್ದು ಕಾಲಾಂತರದಲ್ಲಿ ಅಸಮಂಜಸವಾಗಿದೆ ಎಂದಿತು. ಕಾಯ್ದೆಯ ಅವಧಿ ಮುಂದಿನ ಮಾರ್ಚಿಗೆ ಮುಗಿಯಲಿದ್ದುದರಿಂದ ರದ್ದು ಮಾಡದೆ, ಹೊಸ ಕಾನೂನು ತರುವುದನ್ನು ಸರಕಾರಕ್ಕೆ ಬಿಟ್ಟಿತು. ಇನ್ನೂ ಎರಡು ವರ್ಷ ಎಳೆದಾಡಿ 2000ದ ಮಾರ್ಚ್ 31ರಂದು ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಜಾರಿಗೆ ಬಂತು. ಹಳೆಯ ಬಾಡಿಗೆಗೆ ವರ್ಷಕ್ಕೆ ಶೇ. 4 ಏರಿಕೆ, ಪಗಡಿಗೆ ಕಾನೂನಿನ ಮಾನ್ಯತೆ, ಲೀವ್ ಅಂಡ್ ಲೈಸೆನ್ಸ್ ಮುಗಿದ ಮೇಲೂ ಬಿಡದವನಿಗೆ ದುಪ್ಪಟ್ಟು ದಂಡ, ಮತ್ತು ಪ್ರತಿಯೊಂದು ಕರಾರಿಗೂ ನೋಂದಣಿ ಕಡ್ಡಾಯ. ನೋಂದಣಿ ಮಾಡಿಸುವ ಹೊಣೆ ಮಾಲೀಕನದು. ಮಾಡಿಸದಿದ್ದರೆ ಬಾಡಿಗೆದಾರ ಹೇಳಿದ ಷರತ್ತೇ ನಿಜ. ಇದೇ ಕಾಯ್ದೆ ಬ್ಯಾಂಕುಗಳಿಗೆ, ದೊಡ್ಡ ಕಂಪನಿಗಳಿಗೆ ಇದ್ದ ರಕ್ಷಣೆಯನ್ನು ತೆಗೆದುಹಾಕಿತು. ಕೋಟೆ ಪ್ರದೇಶದಲ್ಲಿ ಪುಡಿಗಾಸಿಗೆ ಕೂತಿದ್ದ ನಮ್ಮಂಥ ಶಾಖೆಗಳಿಗೆ ಮಾಲೀಕರ ವಕೀಲರ ನೋಟೀಸು ಬರತೊಡಗಿದವು. ನಾನು ಆಗ ಅಂಥ ಒಂದು ಶಾಖೆಯಲ್ಲಿದ್ದೆ. ಐವತ್ತು ವರ್ಷ ಬಾಡಿಗೆದಾರನಾಗಿ ಸುಖ ಉಂಡ ಬ್ಯಾಂಕು ಒಂದೇ ವರ್ಷದಲ್ಲಿ ಮಾರುಕಟ್ಟೆ ದರ ಏನೆಂದು ಕಲಿಯಿತು.

ಮೆಹತಾಗಳ ಕಾಲ ಇಳಿಯತೊಡಗಿದ್ದೂ ಆಗಲೇ. ಅವರ ಜಾಗಕ್ಕೆ ಬಂದವನು ಬ್ರೋಕರ್. ನಾನು 2003ರಲ್ಲಿ ವರ್ಗವಾಗಿ ನಾಗಪುರಕ್ಕೆ ಹೋಗುವಾಗ ಡೊಂಬಿವಲಿಯ ಮನೆಯನ್ನು ಒಬ್ಬ ಬ್ರೋಕರನ ಕೈಗೆ ಕೊಟ್ಟೆ. ಒಳ್ಳೆಯ ಮನುಷ್ಯ, ಮಾತು ಮೃದು. ಆದರೆ ಮೂರು ವರ್ಷದಲ್ಲಿ ಮೂರು ಬಾಡಿಗೆದಾರರು. ಪ್ರತಿ ಸಲ ಹನ್ನೊಂದು ತಿಂಗಳು ಮುಗಿಯುವ ಹೊತ್ತಿಗೆ ಈ ಪಾರ್ಟಿ ಸರಿಯಿಲ್ಲ ಸಾಹೇಬ್ರೆ, ಇನ್ನೊಂದು ಒಳ್ಳೆ ಪಾರ್ಟಿ ಇದೆ ಅನ್ನುತ್ತಿದ್ದ. ನನಗೆ ಅರ್ಥವಾಗಲು ಮೂರು ವರ್ಷ ಬೇಕಾಯಿತು. ಹೊಸಬರು ಬಂದಾಗ ಮಾತ್ರ ಅವನಿಗೆ ಎರಡೂ ಕಡೆಯಿಂದ ಒಂದೊಂದು ತಿಂಗಳ ಬಾಡಿಗೆ. ಒಳ್ಳೆಯವರು ಹತ್ತು ವರ್ಷ ನೆಮ್ಮದಿಯಾಗಿ ಇದ್ದುಬಿಟ್ಟರೆ ಅವನ ಮನೆ ನಡೆಯುವುದು ಹೇಗೆ?

ಹಳೆಯ ಆದಾಯ ತೆರಿಗೆ ಕಾನೂನಿನಲ್ಲಿ ಒಂದು ಮರೆತುಹೋದ ಅಂಕಿ ಇದೆ. ಮನೆಬಾಡಿಗೆಯ ಆದಾಯದಲ್ಲಿ ದುರಸ್ತಿಗೆಂದು ಆರನೇ ಒಂದು ಭಾಗ, ಬಾಡಿಗೆ ವಸೂಲಿಯ ಖರ್ಚಿಗೆಂದು ವಾರ್ಷಿಕ ಮೌಲ್ಯದ ಶೇ. 6ರವರೆಗೆ ಕಳೆಯಲು ಬಿಡುತ್ತಿದ್ದರು. ಅಂದರೆ ನಿಯತ್ತಿನ ಒಬ್ಬ ವಸೂಲಿಗಾರನಿಗೆ ನೂರಕ್ಕೆ ಆರು ಕೊಡಬಹುದು ಅಂತ ಸರಕಾರವೇ ಒಪ್ಪಿದಂತೆ! 1990ರ ದಶಕದಲ್ಲಿ ಎರಡನ್ನೂ ಒಂದಾಗಿ ಸೇರಿಸಿದರು. 2001ರ ಬಜೆಟ್ಟಿನಲ್ಲಿ ಖರ್ಚು ಮಾಡಿರಲಿ ಬಿಡಲಿ ಒಟ್ಟಿಗೆ ಶೇ. 30 ಅಂತಾಯಿತು. ಆದ್ದರಿಂದ ಈಗ ಮ್ಯಾನೇಜರನಿಗೆ ಕೊಡುವ ಹಣವನ್ನು ಬೇರೆಯಾಗಿ ಕಳೆಯಲು ಬರುವುದಿಲ್ಲ, ಕೆಲವರು ರಿಟರ್ನ್ ತುಂಬುವಾಗ ತಪ್ಪು ಮಾಡುತ್ತಾರೆ.

ಇನ್ನು ಬೆಂಗಳೂರಿನ ಮನೆ. 2011ರಿಂದ ಏಳು ವರ್ಷ ಅದನ್ನು ನೋಡಿಕೊಂಡವರು ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಜಯನಗರದಲ್ಲಿ ಮನೆ, ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ. ಬಾಡಿಗೆ ಅವರ ಖಾತೆಗೆ ಬಂದು ನನಗೆ ಬರುತ್ತಿತ್ತು. ಪುಕ್ಕಟೆ ಕೆಲಸ ಮಾಡುವವರ ಹತ್ತಿರ ಲೆಕ್ಕ ಕೇಳುವುದು ಹೇಗೆ ಅಂತ ನಾನು ಕೇಳಲಿಲ್ಲ. ನನ್ನ ಶಾಖೆಯಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಒಂಬತ್ತರವರೆಗೆ ಎಲ್ಲರನ್ನೂ ಕೂರಿಸುವವನು ನಾನು! 2018ರಲ್ಲಿ ಎರಡು ತಿಂಗಳ ಬಾಡಿಗೆಯಲ್ಲಿ ಒಟ್ಟು 14,000 ರೂಪಾಯಿ ಕಡಿಮೆ ಬಂತು. ಆಗಲೂ ಕೇಳಲಿಲ್ಲ, ಮನೆಯಲ್ಲಿ ಗೊಣಗಿದೆ. ಹೆಂಡತಿ ಅಕ್ಕನಿಗೆ ಫೋನಿನಲ್ಲಿ ಏನೋ ಅಂದಳು. ಎರಡು ದಿನದಲ್ಲಿ ಕೊರಿಯರಿನಲ್ಲಿ ಬೀಗದ ಕೈ ಬಂತು, ಜೊತೆಗೆ ಚೀಟಿ ಕೂಡ ಇರಲಿಲ್ಲ. ಅಕ್ಕತಂಗಿಯರು ಹಬ್ಬಕ್ಕೂ ಮಾತಾಡದೆ ವರ್ಷಗಳು ಹೋದವು.

ಆಮೇಲೆ ಸಿಕ್ಕಿದ್ದು ಒಂದು ಕಂಪನಿ. ಮನೆ ಖಾಲಿ ಇರಲಿ ತುಂಬಿರಲಿ, ತಿಂಗಳಿಗೆ 18,000 'ಗ್ಯಾರಂಟಿ' ಎಂದರು. ಮಾರುಕಟ್ಟೆಯಲ್ಲಿ 22,000 ಬರುತ್ತಿತ್ತು, ಆದರೂ ತಲೆನೋವಿಲ್ಲವಲ್ಲ ಅಂತ ಸಹಿ ಹಾಕಿದೆ. 2020ರ ಲಾಕ್‌ಡೌನ್ ಬರುತ್ತಲೂ ಹಣ ನಿಂತಿತು. ಫೋನ್ ಎತ್ತುವವರಿಲ್ಲ. ರೈಲು ಶುರುವಾದ ಮೇಲೆ ಹೋಗಿ ನೋಡಿದರೆ ಎರಡು ಬೆಡ್‌ರೂಮಿನ ಮನೆಯಲ್ಲಿ ಪ್ಲೈವುಡ್ ಗೋಡೆ ಹಾಕಿ ಆರು ಜನ ಹುಡುಗರನ್ನು ಇಟ್ಟಿದ್ದರು, ತಲೆಗೆ 6,500ರಂತೆ. ಲೆಕ್ಕ ಹಾಕಿ, 39,000. ಆ ಹುಡುಗರ ತಪ್ಪೇನೂ ಇರಲಿಲ್ಲ, ಅವರ ಡಿಪಾಸಿಟ್ಟೂ ಮುಳುಗಿತ್ತು. ಅಲ್ಲಿ ಬಾಗಿಲಲ್ಲಿ ನಿಂತು ನನಗೆ ಹೊಳೆಯಲಿಲ್ಲ. ಈಗ ಓದುವಾಗ ಹೊಳೆಯಿತು. ಇದು ಪ್ಲೇಗಿನ ಕಾಲದ ಚಾಳಿನ ಗುತ್ತಿಗೆದಾರನೇ, ಕೈಯಲ್ಲಿ ಮೊಬೈಲು ಬಂದಿದೆ ಅಷ್ಟೆ. ನಾನು ಹೊಲವನ್ನು ಲಾವಣಿಗೆ ಕೊಟ್ಟಿದ್ದೆ. ಬೆಂಗಳೂರಿನಲ್ಲಿ ಇದರ ಇನ್ನೂ ಕೆಟ್ಟ ರೂಪವೂ ಇದೆ. ಮಧ್ಯಸ್ಥ ಮಾಲೀಕನಿಂದ ಮನೆಯನ್ನು ತಿಂಗಳ ಬಾಡಿಗೆಗೆ ಹಿಡಿದು, ಇನ್ನೊಬ್ಬರಿಗೆ ಲಕ್ಷಗಟ್ಟಲೆ ಭೋಗ್ಯಕ್ಕೆ ಹಾಕಿ, ಆ ಇಡಿಗಂಟಿನೊಂದಿಗೆ ನಾಪತ್ತೆಯಾಗುವುದು. ಭೋಗ್ಯದ ಹಣ ಕೊಟ್ಟವರು, ಬಾಡಿಗೆ ಬಾರದ ಮಾಲೀಕರು, ಇಬ್ಬರೂ ಒಂದೇ ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ.

ಈ ಸಲ ಮೂವರನ್ನು ನೋಡಿದೆ. ಒಬ್ಬ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಸೂಪರ್‌ವೈಸರ್, ಹೊಸ ಬಾಡಿಗೆದಾರ ಬಂದಾಗ ಒಂದು ತಿಂಗಳ ಬಾಡಿಗೆ ಕೊಟ್ಟರೆ ಸಾಕು ಎಂದ. ಇನ್ನೊಂದು, ಮತ್ತೆ ಗ್ಯಾರಂಟಿಯ ಕಂಪನಿ, ಹೆಸರು ಬೇರೆ. ಮೂರನೆಯವರು ಹತ್ತಿರದಲ್ಲೇ ಇರುವ ಒಬ್ಬ ನಿವೃತ್ತ ಮೇಸ್ಟರು, ಮೂವತ್ತು ಮನೆ ನೋಡಿಕೊಳ್ಳುತ್ತಾರೆ, ಬಂದ ಬಾಡಿಗೆಯ ಮೇಲೆ ಶೇ. 7. ಮೂವರಿಗೂ ಒಂದೇ ಪ್ರಶ್ನೆ ಕೇಳಿದೆ. ಮನೆ ಖಾಲಿ ಇರುವ ತಿಂಗಳು ನಿಮಗೆ ಎಷ್ಟು? ಸೂಪರ್‌ವೈಸರ್ ನಕ್ಕ. ಕಂಪನಿಯ ಹುಡುಗಿ ಒಂದು ಪಟ್ಟಿ ಕಳಿಸಿದಳು. ಮೇಸ್ಟರು, "ನಿಮಗೆ ಎಷ್ಟೋ ನನಗೂ ಅಷ್ಟೇ ಸ್ವಾಮಿ" ಎಂದರು.

ಹಾಗಂತ ಪಾಲಿನವನಲ್ಲಿ ದೋಷವಿಲ್ಲ ಎಂದಲ್ಲ. ಮನೆ ಬೇಗ ತುಂಬಲಿ ಅಂತ ಅವನು ಬಾಡಿಗೆಯನ್ನು ಕಡಿಮೆ ಹೇಳಿಯಾನು. ಬಾಡಿಗೆ 2,000 ಕಡಿಮೆಯಾದರೆ ನನಗೆ ಹೋಗುವುದು 2,000, ಅವರಿಗೆ ಬರೀ 140. ಆದ್ದರಿಂದ ಬಾಡಿಗೆ ಎಷ್ಟೆಂದು ನಿಗದಿ ಮಾಡುವುದು ನಾನು ಅಂತ ಬರೆದುಕೊಂಡೆವು. ಬಾಡಿಗೆ ನೇರ ನನ್ನ ಖಾತೆಗೆ, ಅವರ ಪಾಲು ನನ್ನಿಂದ ಅವರಿಗೆ. ಡಿಪಾಸಿಟ್ ನನ್ನ ಹತ್ತಿರ. ಐದು ಸಾವಿರದೊಳಗಿನ ದುರಸ್ತಿಗೆ ನನ್ನನ್ನು ಕೇಳಬೇಕಾಗಿಲ್ಲ, ಬಿಲ್ಲಿನ ಫೋಟೋ ಸಾಕು. ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಕರ್ನಾಟಕದ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾಗಿ ಬಾಡಿಗೆದಾರನೊಂದಿಗಿನ ಕರಾರು ಪತ್ರದಲ್ಲಿ ಬರೆದದ್ದೇ ಆಧಾರ. ಅದನ್ನು ಸರಿಯಾಗಿ ಬರೆಸುವುದೂ ಮೇಸ್ಟರ ಕೆಲಸ.

ಒಪ್ಪಂದ ಬರೆಯುವಾಗ ಬಿ.ಕಾಂ.ನಲ್ಲಿ ಓದಿದ 1872ರ ಕರಾರು ಕಾಯ್ದೆಯನ್ನು ತೆಗೆದು ಏಜೆನ್ಸಿಯ ಅಧ್ಯಾಯ ನೋಡಿದೆ. ಆಗ ಪರೀಕ್ಷೆಗೆಂದು ಉರು ಹೊಡೆದದ್ದು. 185ನೇ ಕಲಮು, ಏಜೆಂಟನಾಗಲು ಪ್ರತಿಫಲ ಇರಲೇಬೇಕೆಂದಿಲ್ಲ. 213, ಏಜೆಂಟನು ಕೇಳಿದಾಗ ಲೆಕ್ಕ ಒಪ್ಪಿಸತಕ್ಕದ್ದು. 217, ತಾನು ಮಾಡಿದ ಯೋಗ್ಯ ಖರ್ಚನ್ನು ವಸೂಲಾದ ಹಣದಲ್ಲಿ ಹಿಡಿದುಕೊಳ್ಳಬಹುದು. ಮೂರೂ ಓದಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 'ಕೇಳಿದಾಗ' ಅಂತ ಇದೆ. ನಾನು ಏಳು ವರ್ಷ ಕೇಳಿರಲೇ ಇಲ್ಲ.

ಕಳೆದ ಮಾಗಿಯಲ್ಲಿ ಹುಬ್ಬಳ್ಳಿಯಲ್ಲಿ ಒಂದು ಮದುವೆ. ಷಡ್ಡಕರೂ ಬಂದಿದ್ದರು, ಕೋಲು ಹಿಡಿದು ನಡೆಯುತ್ತಿದ್ದರು. ಊಟದ ಪಂಕ್ತಿಯಲ್ಲಿ ಯಾರೋ ತಿಳಿಯದೆ ನಮ್ಮನ್ನು ಪಕ್ಕಪಕ್ಕದಲ್ಲೇ ಕೂರಿಸಿದರು. ನಾನೇ ಶುರು ಮಾಡಿದೆ, ಮೇಸ್ಟರ ವಿಷಯ, ಶೇ. 7, ತಿಂಗಳ ಲೆಕ್ಕದ ಪುಟ. ಮೊಬೈಲಿನಲ್ಲಿ ತೋರಿಸಿದೆ. ನಲ್ಲಿ ವಾಷರ್ 40 ರೂಪಾಯಿ ಅಂತಲೂ ಅದರಲ್ಲಿತ್ತು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಚಲೋ ಅದ" ಅಂದರಷ್ಟೆ. ಮರುದಿನ ಬೆಳಗ್ಗೆ ಹೊರಡುವ ಮೊದಲು ಅವರ ಮೊಮ್ಮಗ ಬಂದು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟು ಹೋದ. ಒಳಗೆ ಎಲ್‌ಐಸಿಯ ಹಳೆಯ ಡೈರಿ. 2011ರ ಜೂನ್‌ನಿಂದ ಶುರು. ಸಂಪಿನ ಮೋಟರ್ ರಿವೈಂಡಿಂಗ್, ಬಚ್ಚಲಿನ ಟೈಲ್ಸು, ಬಣ್ಣದವನ ಕೂಲಿ, ಖಾಲಿ ಇದ್ದಾಗಿನ ಮೇಂಟೆನೆನ್ಸ್, ಜಯನಗರದಿಂದ ಹೋಗಿ ಬರುವ ಬಸ್ ಚಾರ್ಜು ಕೂಡ, ದುಂಡು ಅಕ್ಷರದಲ್ಲಿ, ತಾರೀಖಿನ ಸಮೇತ. ಕೊನೆಯ ಪುಟದಲ್ಲಿ ಮೊತ್ತ. ಒಟ್ಟು ಖರ್ಚು 17,450. ಬಾಡಿಗೆಯಲ್ಲಿ ಹಿಡಿದುಕೊಂಡದ್ದು 14,000. ಬರಬೇಕಾದ್ದು 3,450.

ರೈಲಿನಲ್ಲಿ ಹೆಂಡತಿಗೆ ಡೈರಿ ಕೊಟ್ಟೆ. ಲೋಂಡಾ ದಾಟುವವರೆಗೂ ಅವಳು ಪುಟ ತಿರುಗಿಸುತ್ತಲೇ ಇದ್ದಳು. ಆಮೇಲೆ ಫೋನ್ ತೆಗೆದು ಅಕ್ಕನ ನಂಬರು ಒತ್ತಿದಳು. ಘಟ್ಟದಲ್ಲಿ ಸಿಗ್ನಲ್ ಇರಲಿಲ್ಲ, ಮತ್ತೆ ಒತ್ತಿದಳು.